ವಹ್ಬಾ ಹೊಂಡಕ್ಕೆ ನೀರು ಬಂದ ವಾರ

ಮಾರ್ಚ್ 10, 1986. ಸೋಮವಾರ. ಮಲಾಜ್, ರಿಯಾದ್

ಗಂಜಿಗೆ ಇಟ್ಟು ಬಾಲ್ಕನಿಗೆ ಹೋದೆ. ಮಳೆ ಬಿಟ್ಟಿಲ್ಲ, ನಿನ್ನೆಯ ಬಟ್ಟೆ ಇನ್ನೂ ಹಸಿ. ರಿಯಾದಿನಲ್ಲಿ ಬಟ್ಟೆ ಒಣಗುವುದಿಲ್ಲ ಎಂದರೆ ನಮ್ಮೂರು ಶಿರ್ವದಲ್ಲಿ ಯಾರೂ ನಂಬಲಿಕ್ಕಿಲ್ಲ. ಪುನಃ ಹಿಂಡಿ ಒಳಗೆ ಫ್ಯಾನಿನ ಕೆಳಗೆ ಹಾಕಿದೆ.

ಇವರು ಮಧ್ಯಾಹ್ನಕ್ಕೇ ಬಂದರು. ಆಫೀಸಿನಲ್ಲಿ ಈಗ ಕೆಲಸವಿಲ್ಲ. ನಕ್ಷೆ ಬರೆಯುವ ಕಾಂಟ್ರಾಕ್ಟ್ ಮುಗಿಯಿತು, ಡ್ರಾಯಿಂಗ್ ಬೋರ್ಡುಗಳನ್ನು ಗೋಡೆಗೆ ಒರಗಿಸಿ ಇಟ್ಟಿದ್ದಾರಂತೆ. ಪೆಟ್ರೋಲಿಗೆ ಬೆಲೆ ಇಳಿದ ಮೇಲೆ ಎಲ್ಲ ಕಡೆ ಇದೇ ಸುದ್ದಿ. ಇನ್ನು ಎರಡೇ ದಾರಿ. ಪಾಸ್‌ಪೋರ್ಟಿಗೆ ಫೈನಲ್ ಎಕ್ಸಿಟ್ ಮುದ್ರೆ ಹೊಡೆಸಿಕೊಂಡು ಊರಿಗೆ ಹೋಗುವುದು. ಇಲ್ಲವಾದರೆ ದಮ್ಮಾಮಿನ ಕಂಪನಿ ಸೇರುವುದು. ಸಂಬಳ ಒಳ್ಳೆಯದು. ಆದರೆ ಬ್ಯಾಚುಲರ್ ಕ್ಯಾಂಪು. ಹೆಂಡತಿಗೆ ಜಾಗ ಇಲ್ಲ. ಮುಂದಿನ ಬುಧವಾರ ಫೋನಿನಲ್ಲಿ ಉತ್ತರ ಹೇಳಬೇಕು.

ಯಾವ ದಾರಿ ಎಂದು ನಾನು ಕೇಳಲಿಲ್ಲ. ಇವರು ಹೇಳಲಿಲ್ಲ.

ಮದುವೆಯಾಗಿ ಒಂಬತ್ತು ವರ್ಷ. ಮೊದಲಿನ ಏಳು ವರ್ಷ ಕಾಗದದಲ್ಲಿ ಸಂಸಾರ, ರಜೆಯಲ್ಲಿ ಸಂಸಾರ. ವೀಸಾ ಸಿಕ್ಕಿ ನಾನಿಲ್ಲಿಗೆ ಬಂದ ಮೇಲೆ ಈ ಎರಡು ವರ್ಷ ಮಾತ್ರ ಒಂದೇ ಮನೆ, ಒಂದೇ ಒಲೆ. ಬೆಳಗ್ಗೆ ಎಚ್ಚರವಾದಾಗ ಪಕ್ಕದಲ್ಲಿ ಒಬ್ಬ ಮನುಷ್ಯ ಗೊರಕೆ ಹೊಡೆಯುತ್ತಿರುತ್ತಾನೆ. ಅದಕ್ಕೂ ನಮ್ಮ ಕೊಂಕಣಿ ಮಾತಿನಲ್ಲಿ "ದೇವ್ ಬರೆಂ ಕರುಂ" ಎನ್ನುತ್ತೇನೆ — ದೇವರು ಒಳ್ಳೆಯದು ಮಾಡಲಿ. ಗೊರಕೆಗೆ ಉಪಕಾರ ಹೇಳುವವಳು ನಾನೊಬ್ಬಳೇ ಇರಬೇಕು.

ಊಟದ ಮೇಲೆ ಇವರು ಹೇಳಿದ್ದು: "ಜುಲ್ಲಿ, ನಾಡಿದ್ದು ಹೊರಡುವ. ವಹ್ಬಾಕ್ಕೆ."

"ಅದೆಂತ?"

"ಒಂದು ಹೊಂಡ ಮಾರಾಯ್ತಿ. ಜ್ವಾಲಾಮುಖಿ ಸಿಡಿದು ಆದದ್ದು. ತಾಯಿಫ್ ದಾರಿಯಲ್ಲಿ ಹೋಗಿ ಒಳಗೆ ತಿರುಗಬೇಕು. ಮಳೆ ಬಂದರೆ ಅದರಲ್ಲಿ ಕೆರೆಯ ಹಾಗೆ ನೀರು ನಿಲ್ಲುತ್ತದಂತೆ. ನಕ್ಷೆಯಲ್ಲಿ ಅದರ ಗೆರೆ ನಾನೇ ಎಳೆದದ್ದು, ಎಷ್ಟು ಸಲ ಅಂತ ಲೆಕ್ಕ ಇಲ್ಲ. ಕಣ್ಣಿನಲ್ಲಿ ಒಮ್ಮೆಯೂ ನೋಡಲಿಲ್ಲ."

"ಮಳೆಯಲ್ಲಾ?"

"ಮಳೆಯಲ್ಲಿಯೇ."

ಎಂತ ಹೇಳುವುದು. ಇಷ್ಟು ವರ್ಷದಲ್ಲಿ ಬಾಯಿಬಿಟ್ಟು ಏನನ್ನೂ ಬೇಕು ಎಂದವರಲ್ಲ. ಆಯಿತು ಎಂದೆ.

ಮಾರ್ಚ್ 12. ಬುಧವಾರ. ಸಂಜೆ. ಅಫೀಫ್ ದಾಟಿ ಎಲ್ಲೋ

ಡಾಟ್ಸನ್ ಪಿಕಪ್ಪಿನ ಒಳಗೆ ಕುಳಿತು ಬರೆಯುತ್ತಿದ್ದೇನೆ. ಹೊರಗೆ ಟರ್ಪಾಲು ಕಟ್ಟಿದ್ದಾರೆ. ಒಂದು ತುದಿ ಗಾಡಿಗೆ, ಇನ್ನೊಂದು ತುದಿ ಮುಳ್ಳಿನ ಮರಕ್ಕೆ. ನಡುವೆ ಹೊಟ್ಟೆಯ ಹಾಗೆ ನೀರು ತುಂಬಿ ಜೋಲುತ್ತಿದೆ. ಇವರು ಕೋಲಿನಿಂದ ಎತ್ತಿ ಚೆಲ್ಲುವುದು, ಅದು ಪುನಃ ತುಂಬುವುದು. ಪ್ರತಿ ಸಲ ಕಾಲರಿನೊಳಗೇ ಬೀಳುತ್ತದೆ. ನಕ್ಕು ಸಾಕಾಯಿತು.

ದಾರಿ ಇಡೀ ಮಳೆ. ಬಯಲಿನಲ್ಲಿ ಹುಲ್ಲು ಚಿಗುರಿದೆ, ಎಳೆಯದು, ಹತ್ತಿರ ಹೋದರೆ ಕಾಣುವುದಿಲ್ಲ, ದೂರದಿಂದ ಮಾತ್ರ ಹಸಿರು. ರಸ್ತೆಯ ಬದಿಯಲ್ಲಿ ಸೌದಿಗಳು ಫ್ಯಾಮಿಲಿ ಸಮೇತ ಚಾಪೆ ಹಾಸಿ ಮಳೆಯಲ್ಲಿ ನೆನೆಯುತ್ತಾ ಚಹಾ ಕುಡಿಯುತ್ತಿದ್ದರು. ನಾವು ಬಿಸಿಲಿಗೆ ಬಟ್ಟೆ ಹಾಕುವ ಹಾಗೆ ಅವರು ಮಳೆಗೆ ಮಕ್ಕಳನ್ನು ಬಿಡುತ್ತಾರೆ.

ಸ್ಟೋವಿನಲ್ಲಿ ಅನ್ನ, ಒಣ ಸಿಗಡಿ ಚಟ್ನಿ. ಸ್ಟೀಲ್ ಬಟ್ಟಲಿಗೆ ಮಳೆಹನಿ ಬಿದ್ದು ಚಟ್ನಿ ತೆಳ್ಳಗಾಯಿತು. ಆದರೂ ಇವರು ಎರಡನೇ ಸಲ ಬಡಿಸಿಕೊಂಡರು.

ದಮ್ಮಾಮಿನ ಮಾತು ಇಬ್ಬರೂ ಎತ್ತಲಿಲ್ಲ. ಗಾಡಿಯಲ್ಲಿ ಮೂರನೆಯವನ ಹಾಗೆ ಅದು ಕುಳಿತಿದೆ. ಇರಲಿ. ಇವತ್ತು ಇವರು ನಗುವುದನ್ನು ನೋಡಿದೆ, ಅಷ್ಟು ಸಾಕು.

ಮಾರ್ಚ್ 13. ಗುರುವಾರ. ಮಧ್ಯಾಹ್ನ

ಬೆಳಗ್ಗೆ ಝಲಿಮ್ ಎಂಬ ಊರಿನ ಹತ್ತಿರ ಟಾರು ರೋಡು ಬಿಟ್ಟೆವು. ಇವರ ಮಡಿಲಲ್ಲಿ ಇವರದೇ ನಕ್ಷೆ. ಸ್ವಲ್ಪ ಹೋಗುವಾಗ ಮಣ್ಣಿನ ಬಣ್ಣ ತಿರುಗಿತು. ಕಪ್ಪು... ಎಷ್ಟು ದೂರ ನೋಡಿದರೂ ಕಪ್ಪು ಕಲ್ಲು, ಸುಟ್ಟ ಬೆಲ್ಲದ ಹಾಗೆ ಉಕ್ಕಿ ಗಟ್ಟಿಯಾದದ್ದು. ಅದರ ನಡುನಡುವೆ ತಗ್ಗಿನಲ್ಲೆಲ್ಲ ಮಳೆನೀರು ನಿಂತು ಕೆರೆಗಳು. ಒಂದರಲ್ಲಿ ಬಾತುಕೋಳಿ ಇತ್ತು! ಎಲ್ಲಿಂದ ಎಲ್ಲಿಗೆ ಹೋಗುತ್ತದೋ. ಇವರು ಗಾಡಿ ನಿಲ್ಲಿಸಿ ಇಳಿದು ನೋಡುತ್ತಾ ನಿಂತರು. "ಇಲ್ಲಿ ನಾನು ಖಾಲಿ ಬಿಟ್ಟಿದ್ದೆ ಜುಲ್ಲಿ, ಶೀಟಿನಲ್ಲಿ ಏನೂ ಇರಲಿಲ್ಲ" ಎಂದರು. ಚಿಕ್ಕ ಮಗುವಿನ ಮುಖ.

ಅದೇ ದಿನ. ಮೂರೂವರೆ ಇರಬೇಕು

ಗಾಡಿ ಹೂತುಹೋಗಿದೆ. ಅಗಲವಾದ ಮರಳಿನ ತೋಡು, ನೀರಿಲ್ಲ. ದಾಟುವಾಗ ಹಿಂದಿನ ಚಕ್ರ ಎರಡೂ ಕೆಸರಿಗೆ ಇಳಿದವು. ಕಲ್ಲು ಇಟ್ಟೆವು, ಚಾಪೆ ಇಟ್ಟೆವು, ನಾನು ತಳ್ಳಿದೆ, ಇವರು ತಳ್ಳಿದರು. ಆಚೆ ದಡದ ದಿಬ್ಬದ ಹಿಂದೆ ಹೊಗೆ ಕಂಡಿತು. ಬದುಗಳ, ಎಂದರೆ ಮರಳುಗಾಡಿನ ಅಲೆಮಾರಿಗಳ, ಗುಡಾರ ಇರಬಹುದು, ಹಗ್ಗ ಸಿಗಬಹುದು ಎಂದು ಇವರು ಹೋದರು. "ನೀನು ಒಳಗೆ ಕೂತುಕೋ, ಡೋರ್ ಲಾಕ್ ಮಾಡು."

ಹೋಗಿ ತುಂಬ ಹೊತ್ತಾಯಿತು.

ಮಳೆ ನಿಂತಿದೆ. ಆದರೆ ಪಡುವಣ ಬೆಟ್ಟದ ಮೇಲೆ ಕಪ್ಪಗೆ ಸುರಿಯುತ್ತಿರುವುದು ಕಾಣುತ್ತದೆ.

ಜಪಸರ ಈ ದೇಶಕ್ಕೆ ತರುವ ಹಾಗಿಲ್ಲ. ಬೆರಳು ಮಡಚಿ ಎಣಿಸುತ್ತಿದ್ದೇನೆ. ಏನೋ ಶಬ್ದ... ಗಾಡಿಯದ್ದಾ, ಗುಡುಗಾ—

ಮಾರ್ಚ್ 15. ಶನಿವಾರ. ಬೆಳಗ್ಗೆ. ಝೈನಬಳ ಗುಡಾರ

ಬದುಕಿದ್ದೇವೆ. ಇಬ್ಬರೂ. ಮೊದಲು ಅದನ್ನು ಬರೆಯುತ್ತೇನೆ.

ಇವರು ದಿಂಬಿಗೆ ಒರಗಿ ಖಹ್ವಾ, ಅರಬರ ಕಾಫಿ, ಕುಡಿಯುತ್ತಿದ್ದಾರೆ. ಬಲಗಾಲಿನ ಹರಡು ಹಲಸಿನಕಾಯಿಯ ಹಾಗೆ ಊದಿದೆ. ಈಗ ಕೂತು ಎಲ್ಲ ಬರೆಯುತ್ತೇನೆ. ಮರೆಯಲಿಕ್ಕಾಗದು, ಆದರೂ.

ಗುರುವಾರ ಕೇಳಿದ ಶಬ್ದ ಗಾಡಿಯದ್ದೇ. ಕೆಂಪು ಟೊಯೊಟಾ ಪಿಕಪ್ಪು, ಹಿಂದೆ ಆಡುಗಳು. ತೋಡಿನ ದಡದಲ್ಲಿ ನಿಂತು ಹಾರ್ನ್ ಹೊಡೆದೇ ಹೊಡೆಯಿತು. ನಾನು ಅಬಾಯಾ ಎಳೆದುಕೊಂಡು ಬಗ್ಗಿ ಕುಳಿತೆ. ಯಾವ ಗಂಡಸೋ ಎಂದು. ಗಾಜಿಗೆ ಬಡಿದ ಕೈಯಲ್ಲಿ ಬೆಳ್ಳಿ ಬಳೆ. ತಲೆ ಎತ್ತಿ ನೋಡಿದರೆ ಹೆಂಗಸು! ಮುಖಕ್ಕೆ ಬದು ಹೆಂಗಸರ ಮುಸುಕು, ಕಣ್ಣು ಮಾತ್ರ. ಡ್ರೈವರ್ ಸೀಟಿನಲ್ಲಿ ಬೇರೆ ಯಾರೂ ಇಲ್ಲ. ಅವಳೇ ಬಿಟ್ಟುಕೊಂಡು ಬಂದದ್ದು. ರಿಯಾದಿನಲ್ಲಿ ಎರಡು ವರ್ಷದಲ್ಲಿ ಹೆಂಗಸಿನ ಕೈಯಲ್ಲಿ ಸ್ಟಿಯರಿಂಗ್ ನೋಡಿದವಳಲ್ಲ ನಾನು.

"ಸೈಲ್! ಸೈಲ್!" ಎಂದು ಬೆಟ್ಟದ ಕಡೆ ತೋರಿಸಿದಳು. ಆ ಶಬ್ದ ನನಗೆ ಗೊತ್ತಿಲ್ಲ. ಅವಳ ಕಣ್ಣು ನೋಡಿ ಅರ್ಥವಾಯಿತು. ನೆರೆ ಬರುತ್ತದೆ.

ಹಗ್ಗ ತಂದಳು. ಮಂಡಿಯೂರಿ ಕೆಸರಿನಲ್ಲಿ ಕೈ ಹಾಕಿ ನಮ್ಮ ಗಾಡಿಗೆ ಕಟ್ಟಿದಳು. ಆಮೇಲೆ ನನ್ನನ್ನು ಭುಜ ಹಿಡಿದು ಡ್ರೈವರ್ ಸೀಟಿಗೆ ದೂಡಿದಳು. "ಸೂಗಿ!" — ನಡೆಸು.

"ನನಗೆ ಬರುವುದಿಲ್ಲ" ಎಂದೆ, ಕನ್ನಡದಲ್ಲಿ. ಅರಬಿಯಲ್ಲಿ "ಮಾ ಆರಿಫ್" ಎಂದೆ. ಅವಳು ಕೇಳಲಿಲ್ಲ. ಸ್ಟಿಯರಿಂಗ್ ಮೇಲೆ ನನ್ನ ಕೈ ಇಟ್ಟು, ಆ ಕೈಯ ಮೇಲೆ ತನ್ನ ಕೈ ಒತ್ತಿ, ನೇರ ಹಿಡಿ ಎಂದು ತೋರಿಸಿ ಓಡಿದಳು. ಗೇರಿನ ಕೋಲನ್ನು ಅವಳೇ ಮಧ್ಯಕ್ಕೆ ತಂದಿಟ್ಟಿದ್ದಳು.

ಹಗ್ಗ ಬಿಗಿಯಿತು. ಗಾಡಿ ನರಳಿತು. ಚಕ್ರ ಕಿತ್ತು ಬಂದಾಗ ನಾನು ಅಮ್ಮನನ್ನೂ ಮಾತೆ ಮರಿಯಮ್ಮನನ್ನೂ ಒಟ್ಟಿಗೆ ಕರೆದೆ. ದಡ ಹತ್ತಿ ನಿಂತೆವು. ನಾನಿನ್ನೂ ಸ್ಟಿಯರಿಂಗ್ ಬಿಟ್ಟಿರಲಿಲ್ಲ. ಆಗ ಬಂತು ನೀರು. ಹೊಳೆಯ ಹಾಗೆ ಹರಿದು ಬರಲಿಲ್ಲ, ಗೋಡೆ ನಡೆದುಕೊಂಡು ಬಂದ ಹಾಗೆ ಬಂತು. ಕಂದು ಬಣ್ಣ, ಮುಂದೆ ಕಸಕಡ್ಡಿ, ಒಂದು ಇಡೀ ಮರ. ನಾನು ಕುಳಿತಿದ್ದ ಜಾಗದ ಮೇಲೆ ಹೋಯಿತು.

"ವೈನ್ ರಜ್ಜಾಲಿಕ್?" ಗಂಡ ಎಲ್ಲಿ?

ಆಚೆ ದಡ ತೋರಿಸಿದೆ.

ಅವಳೇ ಮೊದಲು ಕಂಡಳು. ಆಚೆ, ಕಪ್ಪು ಕಲ್ಲಿನ ನಡುವೆ, ಒಂದು ಬಿಳಿ ಚುಕ್ಕೆ ಅಲ್ಲಾಡುತ್ತಿತ್ತು. ಇವರು ಅಂಗಿ ಬಿಚ್ಚಿ ಬೀಸುತ್ತಿದ್ದರು. ಕುಳಿತುಕೊಂಡೇ ಬೀಸುತ್ತಿದ್ದರು. ಏಳಲು ಹೋದವರು ಕುಸಿದು ಪುನಃ ಕುಳಿತರು. ನಾನು ಕೂಗಿದೆ. ನೀರಿನ ಸದ್ದಿಗೆ ನನ್ನ ಕೂಗು ನನಗೇ ಕೇಳಲಿಲ್ಲ. ನೀರಿಗೆ ಇಳಿಯಲು ಹೋದವಳನ್ನು ಅವಳು ಸೊಂಟ ಹಿಡಿದು ಎಳೆದಳು. ಬೈದಳು ಕೂಡ. ಬೈದದ್ದು ಪೂರ್ತಿ ಅರ್ಥವಾಯಿತು. ಬೈಗುಳ ಎಲ್ಲ ಭಾಷೆಯಲ್ಲಿಯೂ ಒಂದೇ.

ಕತ್ತಲಾಗುವಾಗ ತನ್ನ ಗಾಡಿಯ ಲೈಟು ಅತ್ತ ತಿರುಗಿಸಿದಳು. ಆಚೆಯಿಂದ ಟಾರ್ಚು ಮಿನುಗಿತು. ಇದ್ದಾರೆ. ನೀರು ಇಳಿಯುವವರೆಗೆ ಯಾರೂ ದಾಟುವ ಹಾಗಿಲ್ಲ.

ಅವಳ ಗುಡಾರ ಈಚೆ ದಡದಲ್ಲೇ. ಆಡಿನ ರೋಮದ್ದು, ಒದ್ದೆಯಾದರೆ ಒಂದು ವಾಸನೆ. ನನಗೆ ಒಣ ಬಟ್ಟೆ ಕೊಟ್ಟಳು. ಹೆಸರು ಝೈನಬ್. ನನ್ನ ಹೆಸರು ಅವಳ ಬಾಯಲ್ಲಿ "ಜುಲ್ನಾರ್" ಆಯಿತು. ಅವಳ ಗಂಡ ಜಿದ್ದಾದಲ್ಲಿ ಲಾರಿ ಬಿಡುವವನು. ಯಾವಾಗ ಬರುತ್ತಾನೆ ಎಂದು ಕೇಳಿದೆ. ಬರುತ್ತಾನೆ, ಹೋಗುತ್ತಾನೆ, ಎಂದು ಕೈ ಆಡಿಸಿದಳು. "ಬಂದಾಗ ನಾಯಿ ಬೊಗಳುತ್ತದೆ" ಎಂದಳು. ನಾಯಿಯ ಹಾಗೆ ಬೊಗಳಿಯೂ ತೋರಿಸಿದಳು. ನಗು ಬಂತು. ನಗುತ್ತಾ ನಗುತ್ತಾ ಅಳು ಬಂತು. ನಿಲ್ಲಿಸಲಿಕ್ಕಾಗಲಿಲ್ಲ. ಇವಳ ಜೀವನ ನನಗೆ ಗೊತ್ತು. ಏಳು ವರ್ಷ ನಾನು ಬದುಕಿದ್ದೇ ಅದು. ಇನ್ನು ಪುನಃ ಬದುಕಬೇಕಾದ್ದೂ ಅದೇ ಇರಬಹುದು.

ಅವಳು ನನ್ನ ತಲೆ ತನ್ನ ಮಡಿಲಿಗೆ ಎಳೆದುಕೊಂಡು ಕಥೆ ಹೇಳಿದಳು. ಅರ್ಧ ಮಾತು, ಅರ್ಧ ಕೈ. ನಾವು ನೋಡಲು ಬಂದ ಹೊಂಡ ಇದೆಯಲ್ಲ, ಅಲ್ಲಿ ಮೊದಲು ಒಂದು ಬೆಟ್ಟ ಇತ್ತಂತೆ. ಹೆಣ್ಣು ಬೆಟ್ಟ. ಒಂದು ಮಳೆಯ ರಾತ್ರಿ ಮಿಂಚು ಹೊಡೆದಾಗ ದೂರದಲ್ಲಿ ಇನ್ನೊಂದು ಬೆಟ್ಟವನ್ನು ಕಂಡಿತು. ಮನಸ್ಸಾಯಿತು. ಬೇರುಸಮೇತ ಎದ್ದು ಅವನ ಹತ್ತಿರ ಹಾರಿತು. ಎದ್ದುಹೋದ ಜಾಗವೇ ಹೊಂಡ.

ಶುಕ್ರವಾರ ಬೆಳಕು ಹರಿಯುವಾಗ ನೀರು ಮೊಣಕಾಲಿಗೆ ಇಳಿದಿತ್ತು. ಝೈನಬ್ ಮೇಲಿನಿಂದ ಸುತ್ತು ಹಾಕಿ ಗಾಡಿ ದಾಟಿಸಿದಳು. ನಾನು ಪಕ್ಕದಲ್ಲಿ. ಇವರು ಕಲ್ಲಿನ ಸಂದಿಯಲ್ಲಿ ಮುದುಡಿ ಕುಳಿತಿದ್ದರು. ತುಟಿ ನೀಲಿ. ಕಲ್ಲು ಜಾರಿ ಬಿದ್ದು ಕಾಲು ತಿರುಚಿದ್ದು, ನೆರೆ ಬರುವುದಕ್ಕೆ ಮೊದಲೇ. ಹೊಗೆ ಕಂಡಲ್ಲಿ ಯಾರೂ ಇರಲಿಲ್ಲ, ಆರಿದ ಬೆಂಕಿ ಮಾತ್ರ ಇತ್ತಂತೆ.

ನನ್ನನ್ನು ಕಂಡು ಮೊದಲು ಹೇಳಿದ್ದು: "ಡೋರ್ ಲಾಕ್ ಮಾಡು ಅಂತ ನಾನೇ ಹೇಳಿದ್ದೆ. ನೀನು ಒಳಗೇ ಇದ್ದಿ ಅಂತ ಎಣಿಸಿದೆ. ನೀರು ಹೋದದ್ದು ನೋಡಿದೆ ಜುಲ್ಲಿ. ಕೆಂಪು ಗಾಡಿಯೊಂದು ಕಂಡು ಅಂಗಿ ಬೀಸಿದೆ, ನಮ್ಮದು ಕಾಣಲಿಲ್ಲ. ಆಮೇಲೆ ಲೈಟು ಬರುವವರೆಗೆ..."

ನನ್ನ ಕೈ ಹಿಡಿದವರು ಗುಡಾರ ಮುಟ್ಟುವವರೆಗೆ ಬಿಡಲಿಲ್ಲ. ಬೇರೆಯವರ ಎದುರು ಕೈ ಹಿಡಿಯುವ ಮನುಷ್ಯ ಅಲ್ಲ ಇವರು.

ಝೈನಬ್ ಮರಿ ಆಡು ಕಡಿದಳು. ಈಸ್ಟರಿಗೆ ಮೊದಲಿನ ತಪಸ್ಸಿನ ಕಾಲದ ಶುಕ್ರವಾರ, ಮಾಂಸ ಮುಟ್ಟಬಾರದು. ತಿಂದೆ. ಎರಡೂ ಕೈಯಲ್ಲಿ ತಿಂದೆ. ದೇವರಿಗೆ ಇದರಲ್ಲಿ ಕೋಪ ಬರಲಿಕ್ಕಿಲ್ಲ, ಬಡಿಸಿದ್ದೇ ಅವನು.

ಮಾರ್ಚ್ 15. ಸಂಜೆ. ಹೊಂಡದ ಬದಿ

ಬಂದೆವು. ಕಡೆಗೂ.

ಬಂದ ರೀತಿ ಬರೆಯದಿದ್ದರೆ ಆಗದು. ಇವರ ಬಲಗಾಲು ಊರಲಿಕ್ಕಾಗದು. ನನಗೆ ಡ್ರೈವಿಂಗ್ ಬಾರದು. ಡಾಟ್ಸನಿನಲ್ಲಿ ಒಂದೇ ಉದ್ದ ಸೀಟು, ಸ್ಟಿಯರಿಂಗ್ ಇಲ್ಲಿ ಎಡಬದಿಗೆ. ಇವರು ಬಲಗಾಲು ಮಡಚಿಟ್ಟು ಎಡಗಾಲಲ್ಲಿ ಕ್ಲಚ್ಚು ಬ್ರೇಕು ನೋಡುವುದು. ನಾನು ಇವರಿಗೆ ಒತ್ತಿ ಕುಳಿತು, ಗೇರಿನ ಕೋಲಿನ ಆಚೆ ಎಡಗಾಲು ಚಾಚಿ ಆಕ್ಸಿಲರೇಟರ್ ಒತ್ತುವುದು. ಝೈನಬ್ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಂತರ ತನ್ನ ಗಾಡಿಯಲ್ಲಿ ಮುಂದೆ ಹೊರಟು ದಾರಿ ತೋರಿಸಿದಳು.

"ಕೊಡು... ಸ್ವಲ್ಪ ಕೊಡು... ಬಿಡು, ಬಿಡು ಬಿಡು!"

"ಬಿಟ್ಟೆ ಮಾರಾಯ್ರೆ! ಕೂಗಬೇಡಿ!"

ಮೊದಲು ಆಡಿನ ಹಾಗೆ ಹಾರಿ ಹಾರಿ ಹೋಯಿತು. ಆಮೇಲೆ ಇವರು ಹೇಳುವ ಮೊದಲೇ ನನಗೆ ಗೊತ್ತಾಗತೊಡಗಿತು, ಇಳಿಜಾರು ಬಂತು ಎಂದು.

ಹೊಂಡದ ಅಂಚಿಗೆ ಬಂದು ಝೈನಬ್ ಇಳಿದಳು. ನನ್ನ ಎರಡೂ ಕೆನ್ನೆಗೆ ಮುಸುಕಿನ ಮೇಲಿನಿಂದಲೇ ಮುತ್ತು ಕೊಟ್ಟಳು. ಆಡುಗಳು ಕಾಯುತ್ತವೆ ಎಂದು ತಿರುಗಿ ಹೋದಳು. ಉಪಕಾರ ಹೇಳಿ ನಾನು ಶುಕ್ರನ್ ಶುಕ್ರನ್ ಎಂದದ್ದಕ್ಕೆ ಕೈ ಎತ್ತಿದಳು, ಅಷ್ಟೆ. ಧೂಳೇಳಲಿಲ್ಲ, ನೆಲ ಒದ್ದೆ.

ಹೊಂಡ... ನಮ್ಮ ಶಿರ್ವ ಪೇಟೆಯನ್ನು ಇಗರ್ಜಿ ಸಮೇತ ಇಳಿಸಿದರೂ ಮೂಲೆಯಲ್ಲಿ ಕಾಣದು. ಸುತ್ತ ಕಪ್ಪು ಗೋಡೆ. ತಳ ಯಾವಾಗಲೂ ಬಿಳಿ ಉಪ್ಪಂತೆ. ಇವತ್ತು ಅದರ ಮೇಲೆ ತೆಳ್ಳಗೆ ನೀರು, ಬದಿಯಿಂದ ಬದಿಗೆ. ಹಾಲಿಗೆ ನೀಲಿ ಬೆರೆಸಿದ ಬಣ್ಣ. ಗೋಡೆಯಿಂದ ಸಣ್ಣ ಸಣ್ಣ ನೀರಿನ ದಾರಗಳು ಇನ್ನೂ ಇಳಿಯುತ್ತಿವೆ. ಮೋಡ ಕೆಳಗೆ ಹೋಗುತ್ತಿತ್ತು, ನಮಗಿಂತ ಕೆಳಗೆ, ನೀರಿನಲ್ಲಿ.

ಇವರು ನಕ್ಷೆ ತೆಗೆಯಲೇ ಇಲ್ಲ. ಕಣ್ಣು ಒರೆಸಿಕೊಂಡರು.

ಚಹಾ ಮಾಡಿದೆ. ಹನಿ ಮಳೆ ಶುರುವಾಯಿತು. ಒಂದೇ ಕಂಬಳಿ ಇಬ್ಬರೂ ಹೊದ್ದು ಕುಳಿತೆವು. ನಾನೇ ಬಾಯಿಬಿಟ್ಟೆ.

"ದಮ್ಮಾಮಿಗೆ ನೀವು ಹೋಗುವುದಾದರೆ ನಾನು ಊರಿಗೆ ಹೋಗುತ್ತೇನೆ. ತಕರಾರು ಇಲ್ಲ. ಆದರೆ ನನಗೆ ಇಷ್ಟ ಇಲ್ಲ. ಅದು ನಿಮಗೆ ಗೊತ್ತಿರಲಿ."

ಇವರು ಕಂಬಳಿಯ ತುದಿಯನ್ನು ನನ್ನ ಕಡೆಗೆ ಎಳೆದರು. "ಊರಿನ ಮನೆ ಅರ್ಧ ಆದದ್ದು ಉಂಟಲ್ಲ ಜುಲ್ಲಿ. ಹೆಂಚಿನ ಮಾಡು ಹಾಕಬೇಕಲ್ಲ. ನೀನು ಕೇಳದಿದ್ದರೂ ನಿನಗೆ ಬೇಕು ಅಂತ ಎಣಿಸಿದೆ."

"ಮಾಡು ಹಾಕಿ ಅದರ ಅಡಿಯಲ್ಲಿ ನಾನೊಬ್ಬಳೇ ಎಂತ ಮಾಡುವುದು?"

ಲೋಟದ ಚಹಾಕ್ಕೆ ಮಳೆ ಬೀಳುತ್ತಿತ್ತು. ನಾನು ಒತ್ತಾಯ ಮಾಡಲಿಲ್ಲ. ಹೇಳಿದೆನಲ್ಲ. ಒಂಬತ್ತು ವರ್ಷದಲ್ಲಿ ಮೊದಲ ಸಲ ನನಗೆ ಬೇಕಾದದ್ದನ್ನು ಬಾಯಿಬಿಟ್ಟು ಹೇಳಿದೆ. ಎದೆ ಹಗುರ.

ಮಾರ್ಚ್ 16. ಆದಿತ್ಯವಾರ. ರಾತ್ರಿ ಎಂಟು. ಅಫೀಫ್ ಪೆಟ್ರೋಲ್ ಪಂಪು

ಟಾರು ರೋಡಿಗೆ ಹತ್ತಿದ ಮೇಲೆ ಭಯ ಶುರು. ಈ ದೇಶದಲ್ಲಿ ಹೆಂಗಸರು ಗಾಡಿ ಬಿಡುವ ಹಾಗಿಲ್ಲ. ಮರಳುಗಾಡಿನ ಒಳಗೆ ಬದು ಹೆಂಗಸು ಗಾಡಿ ಬಿಟ್ಟರೆ ಕೇಳುವವರಿಲ್ಲ. ಹೈವೇಯಲ್ಲಿ ನನ್ನ ಕಾಲು ಆಕ್ಸಿಲರೇಟರಿನ ಮೇಲೆ ಎಂದು ಗೊತ್ತಾದರೆ? ಆದರೆ ಹೊರಗಿನಿಂದ ನೋಡಿದರೆ ಏನು ಕಾಣುತ್ತದೆ? ಗಂಡನಿಗೆ ಅಂಟಿಕೊಂಡು ಕುಳಿತ ಹೆಂಡತಿ. ಅಷ್ಟೆ.

ಚೆಕ್‌ಪೋಸ್ಟಿನಲ್ಲಿ ನಿಲ್ಲಿಸಿದರು. ನಾನು ಕಾಲು ಎಳೆದುಕೊಂಡು ಅಬಾಯಾ ಹರಡಿ ಇವರ ಕಾಲನ್ನೂ ಮುಚ್ಚಿದೆ. ಪೊಲೀಸು ಹುಡುಗಪ್ರಾಯದವನು. ಇಕಾಮಾ, ನಮ್ಮ ವಾಸದ ಪರವಾನಗಿ, ನೋಡಿದ. ಬಾಗಿ ಒಳಗೆ ನೋಡಿದ. ಕೆಸರು, ಒದ್ದೆ ಕಂಬಳಿ, ನಾವಿಬ್ಬರು. "ಮಳೆ ನೋಡಲು ಹೋದದ್ದಾ?" ಎಂದು ಕೇಳಿದ. ಇವರು ಹೌದೆಂದರು. ಅವನ ಮುಖ ಅರಳಿತು. ಮುಂದೆ ರಸ್ತೆಯ ಮೇಲೆ ನೀರಿದೆ, "ಶ್ವೈ ಶ್ವೈ" ಎಂದ. ಮೆಲ್ಲ ಮೆಲ್ಲ.

ನಾನು ಮೆಲ್ಲಗೆ ಒತ್ತಿದೆ.

ಸ್ವಲ್ಪ ದೂರ ಬಂದ ಮೇಲೆ ಇವರಿಗೆ ನಗು ತಡೆಯಲಿಲ್ಲ. "ಕೇಳಿದಿಯಾ? ನಿನಗೆ ಹೇಳಿದ್ದು!" ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ನಕ್ಕ ರಭಸಕ್ಕೆ ಕಾಲು ತಗಲಿ ಅಯ್ಯೋ ಎಂದರು. ಪುನಃ ನಕ್ಕರು.

ಮಾರ್ಚ್ 19. ಬುಧವಾರ. ಮಲಾಜ್

ಎರಡು ದಿನ ಬರೆಯಲಾಗಲಿಲ್ಲ. ಆಸ್ಪತ್ರೆ, ಎಕ್ಸ್‌ರೇ, ಪ್ಲಾಸ್ಟರು. ಮೂಳೆ ಬಿರುಕು ಬಿಟ್ಟಿದೆ, ಮುರಿದಿಲ್ಲ. ಡಾಕ್ಟರು ಈಜಿಪ್ಟಿನವರು. ಇಷ್ಟು ದೂರ ಯಾರು ಗಾಡಿ ಓಡಿಸಿದ್ದು ಎಂದು ಕೇಳಿದರು. ಇವರು "ನಾವು" ಎಂದರು.

ಒಂದು ಹೆಂಗಸು ಆ ಹೊತ್ತಿಗೆ ಆ ದಾರಿಯಲ್ಲಿ ಬರದಿದ್ದರೆ ಎಂದು ಪಾತ್ರೆ ತೊಳೆಯುವಾಗಲೂ ನೆನಪಾಗುತ್ತದೆ. ಕೈ ನಿಲ್ಲುತ್ತದೆ. ಅವಳಿಗೆ ಒಂದು ಸೀರೆ ಕಳಿಸುವ ಎಂದರೂ ವಿಳಾಸವಿಲ್ಲ. ಅವಳ ಹೆಸರು ಹೇಳಿ ಜಪ ಮಾಡುತ್ತೇನೆ. ನಮ್ಮ ಜಪದಲ್ಲಿ ಅವಳ ಹೆಸರು, ಯಾರಿಗೂ ಬೇಸರವಾಗಲಿಕ್ಕಿಲ್ಲ.

ಇವತ್ತು ದಮ್ಮಾಮಿಗೆ ಉತ್ತರ ಹೇಳುವ ದಿನ. ನಾನು ಮೀನು ಕೊಯ್ಯುತ್ತಿದ್ದೆ. ಇವರು ಮಂಚದಿಂದ ಕರೆದರು.

"ಜುಲ್ಲಿ, ಫೋನು ಇರುವುದು ಕೆಳಗಿನ ವಾಜಿದಾನವರ ಮನೆಯಲ್ಲಿ. ನಾನು ಮೆಟ್ಟಿಲು ಇಳಿಯುವುದು ಹೇಗೆ? ನೀನೇ ಹೋಗಿ ಹೇಳು."

"ಎಂತ ಹೇಳುವುದು?"

"ನಿನಗೆ ಗೊತ್ತುಂಟಲ್ಲ."

"ಇಲ್ಲ. ನೀವು ಹೇಳಿ. ನಿಮ್ಮ ಬಾಯಿಂದ."

ಪ್ಲಾಸ್ಟರಿನ ಕಾಲನ್ನೇ ನೋಡುತ್ತಾ ಹೇಳಿದರು. "ಬರುವುದಿಲ್ಲ ಅಂತ ಹೇಳು. ಉಡುಪಿಯಲ್ಲಿ ಮನೆ ಪ್ಲಾನು ಬರೆದಾದರೂ ಬದುಕುವ. ಮಾಡು ನಿಧಾನಕ್ಕೆ ಹಾಕುವ." ಮತ್ತೆ ಸ್ವಲ್ಪ ಬಿಟ್ಟು, "ಹೆಂಡತಿಯನ್ನು ಬಿಟ್ಟು ಇರಲಿಕ್ಕೆ ನನ್ನಿಂದ ಆಗುವುದಿಲ್ಲ. ಬೇಕಾದರೆ ಅದನ್ನೂ ಹೇಳು."

"ಅದನ್ನು ನಾನು ಹೇಗೆ ಹೇಳುವುದು ಮಾರಾಯ್ರೆ, ಆ ಮ್ಯಾನೇಜರಿಗೆ?"

"ಹೇಳು. ನನಗೆ ನಾಚಿಕೆ ಆಗುತ್ತದೆ."

ಒಲೆ ಆರಿಸಿದೆ. ಕೈ ತೊಳೆದರೂ ಮೀನಿನ ವಾಸನೆ ಹೋಗಲಿಲ್ಲ. ವಾಜಿದಾಳಿಗೆ ನಂಬರು ಕೊಟ್ಟು ಬಂದೆ, ದಮ್ಮಾಮಿನ ಲೈನು ಹಾಗೆ ಬೇಗ ಸಿಗುವುದಿಲ್ಲ, ಸಿಕ್ಕಿದರೆ ಕೂಗುತ್ತೇನೆ ಎಂದಿದ್ದಾಳೆ. ಅಷ್ಟರಲ್ಲಿ ಇದನ್ನು ಬರೆದಿಡುವ ಎಂದು ಕುಳಿತೆ. ಇಂಗ್ಲಿಷ್ ವಾಕ್ಯ ಮನಸ್ಸಿನಲ್ಲೇ ಹೇಳಿ ನೋಡಿದೆ. ಮೈ ಹಸ್ಬೆಂಡ್ ಈಸ್ ನಾಟ್ ಕಮಿಂಗ್. ಹೀ ವಾಂಟ್ಸ್ ಟು... ಮುಂದಿನದು ಬರುತ್ತಿಲ್ಲ, ನಗು ಬರುತ್ತದೆ.

ಕೂಗಿದಳು. ಲೈನು ಸಿಕ್ಕಿತಂತೆ. ಬೇಗ ಬಾ ಎನ್ನುತ್ತಿದ್ದಾಳೆ, ಅಬಾಯಾ ಎಲ್ಲಿ—